ನಾಲ್ಕನೇ ವಾರ್ಡಿನ ಚೀಲ

ರಕ್ತ ನಿಂತಿದ್ದರೂ ಅತ್ತೆ ಬೆರಳನ್ನು ನಲ್ಲಿಯ ಕೆಳಗಿನಿಂದ ತೆಗೆಯಲಿಲ್ಲ. ಆಸ್ಪತ್ರೆಯ ಹಿಂದಿನ ಕಸದ ಶೆಡ್ಡಿನಲ್ಲಿ ಹನ್ನೆರಡು ವರ್ಷ ದುಡಿದವಳು. ಸೂಜಿ ಚುಚ್ಚಿದರೆ ಏನು ಮಾಡಬೇಕೆಂಬುದು ಬಾಯಿಪಾಠ. ಸೋಪು ಹಾಕಿ ತೊಳೆಯಬೇಕು, ತಡಮಾಡದೆ ತುರ್ತು ಚಿಕಿತ್ಸೆಗೆ ಓಡಬೇಕು, ಯಾವ ವಾರ್ಡಿನ ಚೀಲವೆಂದು ಬರೆಸಬೇಕು. ಮೊದಲೆರಡು ಸುಲಭ. ಚೀಲದ ಚೀಟಿ ಅವಳ ಎಡ ಮುಷ್ಟಿಯಲ್ಲಿತ್ತು. ನಾಲ್ಕನೇ ವಾರ್ಡು, ಕೆಳಗೆ ಅಲ್ಲಿನ ನರ್ಸಿನ, ಅಂದರೆ ಅವಳ ಸ್ವಂತ ಸೊಸೆಯ ಸಹಿ.

ಕಸ ಬೇರ್ಪಡಿಸುವುದನ್ನು ಸಿಬ್ಬಂದಿಗೆ ರೂಢಿಮಾಡಿಸಲು ಆಸ್ಪತ್ರೆಯವರು ಒಂದು ಉಪಾಯ ಹೂಡಿದ್ದರು. ಪ್ರತಿ ವಾರ್ಡಿನ ಬಾಗಿಲಲ್ಲಿ ಒಂದು ಕಪ್ಪು ಹಲಗೆ, ಅದರ ಮೇಲೆ ತಪ್ಪಿಲ್ಲದ ದಿನಗಳ ಸಂಖ್ಯೆ. ಸೂಜಿ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಊಟದ ಕಸ ಹಸಿರು ಬುಟ್ಟಿಗೆ. ಶೆಡ್ಡಿನಿಂದ ಒಂದೇ ಒಂದು ದೂರು ಬಂದರೂ ಮತ್ತೆ ಸೊನ್ನೆ. ತೊಂಬತ್ತು ಮುಟ್ಟಿಸಿದ ನರ್ಸಿನ ಕೆಲಸ ಕಾಯಂ ಎಂದು ಮೇಟ್ರನ್ ಬಾಯಿಬಿಟ್ಟೇ ಹೇಳಿದ್ದರು. ನಾಲ್ಕನೇ ವಾರ್ಡಿನದು ಎಂಬತ್ತೊಂಬತ್ತು. ಇವತ್ತು ಹನ್ನೊಂದಕ್ಕೆ ದೊಡ್ಡ ಡಾಕ್ಟರು ತಾವೇ ಬಂದು ತೊಂಬತ್ತು ಬರೆಯುವವರಿದ್ದರು.

ಆ ಎಂಬತ್ತೊಂಬತ್ತರಲ್ಲಿ ಅರ್ಧ ಅತ್ತೆಯದೇ. ಕಟ್ಟಿದ ಚೀಲ ಬಿಚ್ಚಬಾರದೆಂಬ ನಿಯಮವನ್ನು ಗಾಳಿಗೆ ತೂರಿ, ಸೊಸೆಯ ವಾರ್ಡಿನ ಚೀಲವನ್ನು ಮಾತ್ರ ಬಿಚ್ಚಿ, ತಪ್ಪಿದ್ದನ್ನು ಸದ್ದಿಲ್ಲದೆ ಸರಿಮಾಡುತ್ತಿದ್ದಳು. ಇವತ್ತು ಹಾಗೆ ಬಿಚ್ಚಿದ ಹಳದಿ ಚೀಲದಲ್ಲೇ ಸೂಜಿ ಇತ್ತು. ಮನೆಯಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ನೆರೆಮನೆಗೂ ಕೇಳುವಂತೆ ಆಡುವ ಬಾಯಿ, ಇಲ್ಲಿ ಹೊಲಿಗೆ ಹಾಕಿದಂತೆ ಮುಚ್ಚಿತ್ತು. ಸೊಸೆಯೋ, ತನ್ನ ವಾರ್ಡಿನವರು ಬಲು ಶಿಸ್ತಿನವರೆಂದು ನಂಬಿ ಬೀಗುತ್ತಿದ್ದಳು.

ತುರ್ತು ಚಿಕಿತ್ಸೆಗೆ ದಾರಿ ಆ ವಾರ್ಡಿನ ಮುಂದೆಯೇ. ಯಾವ ರೋಗಿಯ ಸೂಜಿಯೋ, ಅವನಿಗೆ ಯಾವ ಕಾಯಿಲೆಯೋ. ಮಾಡಿದ್ದುಣ್ಣೋ ಮಹರಾಯ ಎಂದು ಅತ್ತೆ ತನ್ನನ್ನೇ ಬೈದುಕೊಂಡಳು. ಚೀಲ ಯಾವುದೋ ಗೊತ್ತಿಲ್ಲ ಎಂದುಬಿಟ್ಟರೆ ಸೊಸೆ ಉಳಿಯುತ್ತಾಳೆ; ಆದರೆ ವಾರ್ಡೇ ತಿಳಿಯದಿದ್ದರೆ ರೋಗಿಯನ್ನು ಹುಡುಕುವುದೆಲ್ಲಿ? ಸಾಯುವ ಭಯ ಅವಳಿಗೆ ಇದ್ದೇ ಇತ್ತು. ಆದರೂ ಚೀಟಿಯನ್ನು ಇನ್ನಷ್ಟು ಬಿಗಿಯಾಗಿ ಮುದುರಿದಳು.

ಹಲಗೆಯ ಪಕ್ಕದಲ್ಲಿ ಸೊಸೆ ಹೊಸ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಅತ್ತೆಯ ಒದ್ದೆ ಕೈ ನೋಡಿದವಳೇ ಅಡ್ಡ ಬಂದಳು.

"ಏನಾಯ್ತು ಅತ್ತೆ?"

"ಏನಿಲ್ಲ, ಸ್ವಲ್ಪ ಚುಚ್ತು. ನೀನು ನಿನ್ನ ಕೆಲಸ ನೋಡ್ಕೊ."

ಯಾವ ವಾರ್ಡಿನ ಚೀಲ ಎಂದು ಕೇಳಿದರೆ ಅತ್ತೆ ಎಡ ಮುಷ್ಟಿಯನ್ನು ಸೆರಗಿನೊಳಗೆ ಸರಿಸಿದಳು. ಸೊಸೆ ಅವಳ ಮುಷ್ಟಿ ಬಿಡಿಸಿದಳು. ಚೀಟಿ ಓದಿ ತಲೆ ಎತ್ತಿದಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ಕಟ್ಟಿದ ಚೀಲಾನ ಯಾಕೆ ಬಿಚ್ಚಿದ್ರಿ?"

"ದಿನಾ ಬಿಚ್ತೀನಲ್ಲ," ಎಂದಳು ಅತ್ತೆ, ತಗ್ಗಿದ ದನಿಯಲ್ಲಿ.

ಸೊಸೆಗೆ ಎಂಬತ್ತೊಂಬತ್ತು ದಿನವೂ ಒಮ್ಮೆಲೇ ಅರ್ಥವಾದವು. ಕಾರಿಡಾರಿನ ಆ ತುದಿಯಲ್ಲಿ ದೊಡ್ಡ ಡಾಕ್ಟರು, ಮೇಟ್ರನ್, ಹಿಂದೊಂದು ಗುಂಪು. ಅತ್ತೆ ಚೀಟಿ ಕಸಿಯಲು ಕೈ ಚಾಚಿದಳು, ಸೊಸೆ ಕೊಡಲಿಲ್ಲ. ಅಂಗೈಯಿಂದಲೇ ಹಲಗೆ ಒರೆಸಿ, ಸೊನ್ನೆ ಬರೆದು, ಅತ್ತೆಯ ಮಣಿಕಟ್ಟು ಹಿಡಿದು ಓಡಿಸಿಕೊಂಡೇ ಹೋದಳು.

ತುರ್ತು ಚಿಕಿತ್ಸೆಯ ಡಾಕ್ಟರು ಚೀಟಿ ನೋಡಿ, ನಾಲ್ಕನೇ ವಾರ್ಡಿನಲ್ಲಿ ಬೆಳಿಗ್ಗೆ ಯಾರ್ಯಾರಿಗೆ ಸೂಜಿ ಹಾಕಿದ್ದರೆಂದು ಫೋನಿನಲ್ಲಿ ಕೇಳಿದರು. ಅವರ ರಕ್ತದ ವರದಿ ಬರುವುದು ಸಂಜೆಗೆ, ಸೋಂಕು ತಡೆಯುವ ಮಾತ್ರೆ ಮಾತ್ರ ಈಗಲೇ ಎಂದರು. ನೀರಿನ ಲೋಟವನ್ನು ಸೊಸೆಯೇ ಅತ್ತೆಯ ಬಾಯಿಗೆ ಹಿಡಿದಳು.

ಮಾತ್ರೆ ನುಂಗಿದ ಅತ್ತೆ ತನ್ನ ಮಣಿಕಟ್ಟು ನೋಡಿಕೊಂಡಳು. ಬೆರಳುಗಳ ಬಿಳೀ ಗುರುತು, ಸೀಮೆಸುಣ್ಣದ್ದು. ಅದನ್ನು ಒರೆಸದೆ, ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ಗಡಿಯಾರ ನೋಡುತ್ತ ಕೂತಳು.