ಕೊನೆಯ ಗುರುವಾರದ ಮೇಜು

ವೆಂದೆಲೀನ್ ಮೇಷ್ಟ್ರು ರಾಜೀನಾಮೆ ಕೊಟ್ಟು ಆರು ವಾರವಾಗಿತ್ತು. ಅವರು ಹೊರಡಲು ಇನ್ನು ಉಳಿದದ್ದು ಎರಡೇ ವಾರ. ಅಷ್ಟರೊಳಗೆ ಯಾರನ್ನಾದರೂ ಹುಡುಕಿ ಅವರ ಪಕ್ಕದಲ್ಲಿ ಕೂರಿಸದಿದ್ದರೆ ಈ ಕೆಲಸವನ್ನೇ ಬೇರೆ ಕಂಪನಿಗೆ ಬಿಟ್ಟುಕೊಡುತ್ತೇನೆ ಎಂದು ನಮ್ಮ ಮಾಲೀಕ ಹೊರ್ನ್ಯಾಕ್ ಹೇಳಿಯಾಗಿತ್ತು. ಹುಡುಕಬೇಕಾದವಳು ನಾನು.

ನಮ್ಮ ಬ್ರನೋ ಊರಿನ ಸುತ್ತಮುತ್ತ ಯಾರಾದರೂ ಆಂಬುಲೆನ್ಸಿಗೆ ಫೋನ್ ಮಾಡಿದರೆ ಆ ಕರೆಯನ್ನು ಹತ್ತಿರದ ಗಾಡಿಗೆ ಮುಟ್ಟಿಸುವುದು ನಮ್ಮ ತಂತ್ರಾಂಶ. ಅದನ್ನು ಬರೆದಿರುವುದು ಎರ್ಲಾಂಗ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಸಾವಿರ ಕರೆ ಒಟ್ಟಿಗೆ ಬಂದು, ಅದರಲ್ಲೊಂದು ಕೆಟ್ಟರೂ ಮಿಕ್ಕವು ತಮ್ಮ ಪಾಡಿಗೆ ನಡೆಯುತ್ತಿರಬೇಕು ಎನ್ನುವಂಥ ಕಡೆ ಅದು ಬಹಳ ಒಳ್ಳೆಯ ಭಾಷೆ. ತೊಂದರೆ ಒಂದೇ, ಬಲ್ಲವರು ಬೆರಳೆಣಿಕೆಯಷ್ಟು. ಜಾಹೀರಾತಿಗೆ ಬಂದ ಅರ್ಜಿ ಒಂಬತ್ತು. ಎಂಟು ಮಂದಿಗೆ ಅದು ಭಾಷೆಯ ಹೆಸರೋ ಮಾತ್ರೆಯ ಹೆಸರೋ ಎಂಬುದೇ ಗೊತ್ತಿರಲಿಲ್ಲ. ಒಂಬತ್ತನೆಯವಳು ಓಲ್ದ್ರಿಶ್ಕಾ. ನಲವತ್ತು ದಾಟಿದ ಹೆಂಗಸು, ಬ್ಯಾಂಕಿನಲ್ಲಿ ಜಾವಾ ಎಂಬ ಇನ್ನೊಂದು ಭಾಷೆಯಲ್ಲಿ ಬರೆಯುವವಳು. ನಾನು ಕೊಟ್ಟ ಲೆಕ್ಕವನ್ನು ಕಾಫಿ ಆರುವುದರೊಳಗೆ ಬಿಡಿಸಿಟ್ಟಳು.

"ಎರ್ಲಾಂಗ್ ಎಷ್ಟು ಬರುತ್ತೆ?" ಎಂದೆ.

"ಅಕ್ಷರಾಭ್ಯಾಸದಷ್ಟು. ಪುಸ್ತಕ ನೋಡಿ ಒಂದಿಷ್ಟು ಕಲಿತೆ, ಆಮೇಲೆ ಸಿಕ್ಕಿಹಾಕ್ಕೊಂಡೆ. ದ್ರಾಹುಶೆಯ ಪಬ್ಬಲ್ಲಿ ಯಾರೋ ಮೇಷ್ಟ್ರು ಕಲಿಸ್ತಾರೆ, ತಿಂಗಳ ಕೊನೇ ಗುರುವಾರ ಹೋಗು ಅಂದ್ರು. ಹೋದೆ. ಯಾರೂ ಇರ್ಲಿಲ್ಲ. ಮುಂದಿನ ತಿಂಗಳೂ ಹೋದೆ. ಆಗ್ಲೂ ಇಲ್ಲ. ಒಬ್ಬಳೇ ಕೂತು ಸಾಸೇಜು ತಿಂದು ಬಂದೆ. ಸಾಸೇಜು ಚೆನ್ನಾಗಿತ್ತು ಬಿಡಿ."

"ಯಾವಾಗ ಹೋಗಿದ್ದು?"

"ಮೂರು ವರ್ಷ ಆಯ್ತೇನೋ. ಆಮೇಲೆ ಜಾವಾ ಹಿಡ್ಕೊಂಡೆ. ಈಗ ಬ್ಯಾಂಕಿನೋರು ಬಿಡಲ್ಲ, ನನಗೂ ಬಿಡೋ ಮನಸ್ಸಿಲ್ಲ. ಇವತ್ತು ಬಂದಿದ್ದು, ನಿಜ ಹೇಳ್ಬೇಕಂದ್ರೆ, ಆ ಮೇಷ್ಟ್ರು ಇಲ್ಲೇ ಇದಾರಂತೆ, ಒಂದ್ಸಲ ನೋಡಿ ಹೋಗೋಣ ಅಂತ."

ನಾನು ನೀರು ಕುಡಿದೆ. ಅವಳನ್ನು ಅವರ ಕೋಣೆಗೆ ಕರೆದೊಯ್ಯುವ ಧೈರ್ಯ ನನಗೆ ಬರಲಿಲ್ಲ. ಮೇಷ್ಟ್ರು ರಜೆಯಲ್ಲಿದ್ದಾರೆ ಎಂದು ಸುಳ್ಳು ಹೇಳಿ ಬಾಗಿಲ ತನಕ ಬಿಟ್ಟು ಬಂದೆ.

ದ್ರಾಹುಶೆಯ ಪಬ್ಬಿನ ಆ ಮೇಜಿನ ಸುತ್ತ ಒಂದು ಕಾಲದಲ್ಲಿ ಹನ್ನೆರಡು ಕುರ್ಚಿ ಸಾಲುತ್ತಿರಲಿಲ್ಲ. ನಾನು ಅಲ್ಲಿ ಕಲಿತವಳೇ. ಟ್ರಾಮ್ ಡಿಪೋದಲ್ಲಿ ಫೋನ್ ಎತ್ತುತ್ತಿದ್ದೆ, ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಹಗಲು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ವೆಂದೆಲೀನ್ ಮೇಷ್ಟ್ರು ಸಂಜೆ ಅಲ್ಲಿಗೆ ಬರುತ್ತಿದ್ದರು. ಹೊಸಬರು ಯಾರೇ ಬರಲಿ, ಅವರ ಬಲಗಡೆಯ ಕುರ್ಚಿ ಹೊಸಬರದ್ದು. ಮೇಷ್ಟ್ರು ಎರಡೂ ಕೈಗಳನ್ನು ಸ್ವೆಟರಿನ ಜೇಬಿಗೆ ಇಳಿಸಿ ಕೂರುತ್ತಿದ್ದರು. ಇನ್ನೊಬ್ಬರ ಕೀಲಿಮಣೆಯನ್ನು ಅವರು ಮುಟ್ಟಿದ್ದನ್ನು ನಾನು ನೋಡಿಲ್ಲ.

"ಬೆರಳು ನಿಮ್ಮದು, ತಪ್ಪೂ ನಿಮ್ಮದೇ ಆಗ್ಲಿ. ನಾನ್ಯಾಕೆ ಪಾಲು ಕೇಳ್ಲಿ?" ಎನ್ನುತ್ತಿದ್ದರು. ಎರಡು ವರ್ಷ ನನ್ನ ತಪ್ಪುಗಳನ್ನು ಬಿಯರಿನ ನೊರೆಯ ಮೇಲಿಂದ ನೋಡುತ್ತ ಕೂತಿದ್ದರು, ಒಂದು ದಿನವೂ ಬೇಸರಿಸಲಿಲ್ಲ. ಊರಿನಲ್ಲಿ ಈ ಭಾಷೆ ಬಲ್ಲವರೆಲ್ಲ ಆ ಕುರ್ಚಿಯಲ್ಲಿ ಕೂತು ಎದ್ದವರು. ಯಾರಿಗೆ ಆಳು ಬೇಕಾದರೂ ಆ ಗುರುವಾರ ಪಬ್ಬಿಗೆ ಬಂದು ಮೂಲೆಯಲ್ಲಿ ನಿಲ್ಲುತ್ತಿದ್ದರು.

ಈ ಕಂಪನಿ ಸೇರಿದ ಮೇಲೆ ನಾನೂ ಹಾಗೆಯೇ ಹೋಗಿ ನಿಂತೆ. ಆದರೆ ಶಿಷ್ಯರನ್ನು ಬಿಟ್ಟು ಮೇಷ್ಟ್ರನ್ನೇ ಕೇಳಿದೆ. ಶಾಲೆಯವರು ಕೊಡುತ್ತಿದ್ದುದಕ್ಕಿಂತ ಬಹಳ ಹೆಚ್ಚಿನ ಸಂಬಳ, ಅವರ ಹೆಂಡತಿಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. ಒಪ್ಪಿದರು. ಕರಾರಿನ ಕೊನೆಯ ಪುಟದಲ್ಲಿ ಹೊರ್ನ್ಯಾಕ್ ಒಂದು ಸಾಲು ಸೇರಿಸಿದ್ದ: ನೌಕರಿಯಲ್ಲಿರುವಷ್ಟು ಕಾಲ ಈ ಭಾಷೆಯನ್ನು ಹೊರಗಿನ ಯಾರಿಗೂ ಕಲಿಸತಕ್ಕದ್ದಲ್ಲ.

ಮೇಷ್ಟ್ರು ಪೆನ್ನು ಹಿಡಿದು ಅಲ್ಲಿಗೇ ನಿಂತರು. "ಹೆದ್ವಿಕಾ, ಹಾಗಾದ್ರೆ ಗುರುವಾರ?"

"ಸ್ವಲ್ಪ ದಿನ ನಿಲ್ಸಿ ಮೇಷ್ಟ್ರೇ. ನಾನು ಹೊರ್ನ್ಯಾಕ್ ಹತ್ರ ಮಾತಾಡ್ತೀನಿ. ಒಂದು ಸಾಲು ತಾನೇ, ತೆಗೆಸ್ತೀನಿ."

ಮಾತಾಡಲಿಲ್ಲ. ಮೊದಲ ತಿಂಗಳು ಮರೆತೆ. ಆಮೇಲೆ ಮರೆತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮೇಜು ಖಾಲಿಯಾದರೆ ನಮಗೆ ಪೈಪೋಟಿ ಕೊಡುತ್ತಿದ್ದ ಒಲೊಮೌಟ್ಸ್‌ನ ಕಂಪನಿಗೆ ಜನ ಸಿಗುವುದಿಲ್ಲ ಎಂಬ ಲೆಕ್ಕಾಚಾರ ಹೊರ್ನ್ಯಾಕನಿಗಷ್ಟೇ ಅಲ್ಲ, ನನಗೂ ಇತ್ತು. ನಮಗೂ ಸಿಗುವುದಿಲ್ಲ ಎಂಬುದು ಹೊಳೆಯಲಿಲ್ಲ. ಇದ್ದ ಶಿಷ್ಯರು ಪ್ರಾಗಿಗೋ ವಿಯೆನ್ನಾಕ್ಕೋ ಹೋದರು, ಕೆಲವರು ಭಾಷೆ ಬದಲಿಸಿದರು. ಬಲಗಡೆಯ ಕುರ್ಚಿಗೆ ಹೊಸಬರು ಬರಲಿಲ್ಲ. ಬಂದವಳು ಒಬ್ಬಳು, ಸಾಸೇಜು ತಿಂದು ಹೋದಳು.

ಓಲ್ದ್ರಿಶ್ಕಾ ಹೋದ ಮಧ್ಯಾಹ್ನ ನಾನು ಮೇಷ್ಟ್ರ ಕೋಣೆಗೆ ಹೋದೆ. ಅವರು ಡ್ರಾಯರು ಖಾಲಿ ಮಾಡುತ್ತಿದ್ದರು. ಹಳೆಯ ಶಾಲೆ ಮತ್ತೆ ಕರೆದಿತ್ತು, ವಾಪಸ್ ಹೋಗುವವರಿದ್ದರು. ನಡೆದದ್ದನ್ನು, ನಾನು ಹೇಳಿದ ಸುಳ್ಳನ್ನೂ ಬಿಡದೆ, ಹೇಳಿದೆ. ಕೊನೆಗೆ, "ಆ ಸಾಲಿನ ಬಗ್ಗೆ ನಾನು ಹೊರ್ನ್ಯಾಕ್ ಹತ್ರ ಯಾವತ್ತೂ ಮಾತಾಡ್ಲೇ ಇಲ್ಲ ಮೇಷ್ಟ್ರೇ" ಎಂದೆ.

"ಗೊತ್ತು."

"ಹೇಗೆ?"

"ಎರಡನೇ ತಿಂಗಳು ನಾನೇ ಹೋಗಿ ಕೇಳ್ದೆ. ಎರ್ಲಾಂಗ್ ವಿಷಯ ಎಲ್ಲ ಹೆದ್ವಿಕಾದು, ಅವಳು ಆ ಸಾಲು ಬೇಡ ಅಂದ್ರೆ ಇವತ್ತೇ ಹೊಡೆದುಹಾಕ್ತೀನಿ ಅಂದ." ಅವರು ಒಂದು ಒಣಗಿದ ಪೆನ್ನನ್ನು ಕಾಗದದ ಮೇಲೆ ಗೀಚಿ ನೋಡಿ ಬುಟ್ಟಿಗೆ ಹಾಕಿದರು. "ನೀನು ಅವನಿಗೆ ಹೇಳ್ತೀಯ ಅಂತ ಕಾದೆ."

"ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳ್ಬಹುದಿತ್ತು. ಆದ್ರೆ ನಿನ್ನ ಕೀಲಿಮಣೆ ನಾನು ಯಾವತ್ತೂ ಮುಟ್ಟಿಲ್ಲ ನೋಡು." ನಕ್ಕರು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಮತ್ತೆ ಗುರುವಾರ ಶುರು ಮಾಡ್ತೀರಾ? ಇನ್ನೆರಡು ವಾರ ಕಳೆದ್ರೆ ಯಾವ ಕರಾರೂ ಇರಲ್ಲ."

"ಅರವತ್ತಾಯ್ತಲ್ಲ ತಾಯಿ. ಹಗಲು ಮಕ್ಕಳ ಹತ್ರ ಗಂಟಲು ಹರ್ಕೊಂಡ್ರೆ ಸಂಜೆಗೆ ಏನೂ ಉಳಿಯಲ್ಲ. ಬೇಕಾದ್ರೆ ನೀನು ಮಾಡು. ನಿನಗೆ ಬರುತ್ತಲ್ಲ."

ಎರಡು ವಾರ ಕಳೆಯಿತು, ಯಾರೂ ಸಿಗಲಿಲ್ಲ. ಹಗಲಿರುಳು ನೋಡಿಕೊಳ್ಳಬೇಕಾದ ಕೆಲಸ, ನನ್ನೊಬ್ಬಳಿಂದ ಆಗುವಂಥದ್ದಲ್ಲ. ಹೊರ್ನ್ಯಾಕ್ ಮಾತು ಉಳಿಸಿಕೊಂಡ. ಆಂಬುಲೆನ್ಸಿನ ಕೆಲಸ ಇನ್ನೊಂದು ಕಂಪನಿಗೆ ಹೋಯಿತು, ಅವರು ಎಲ್ಲವನ್ನೂ ಜಾವಾದಲ್ಲಿ ಹೊಸದಾಗಿ ಬರೆಯುತ್ತಾರಂತೆ. ನನ್ನನ್ನು ಬಿಲ್ಲಿಂಗ್ ವಿಭಾಗಕ್ಕೆ ಹಾಕಿದರು.

ತಿಂಗಳ ಕೊನೆಯ ಗುರುವಾರ ದ್ರಾಹುಶೆಯ ಪಬ್ಬಿಗೆ ಹೋದೆ. ಮೇಷ್ಟ್ರ ಮೇಜಿದ್ದ ಹಿಂದಿನ ಕೋಣೆಯ ಗೋಡೆಯಲ್ಲಿ ಈಗ ಡಾರ್ಟ್ ಆಟದ ಬಾಣ ಎಸೆಯುವ ಹಲಗೆ.

"ಏನಮ್ಮಾ, ದಾರಿ ತಪ್ಪಿತಾ?" ಎಂದಳು ಪಬ್ಬಿನ ಒಡತಿ ದ್ರಾಹುಶೆ. ಆ ಮೇಜು ಬೇಕಿತ್ತು ಎಂದೆ. "ಡಾರ್ಟಿನೋರು ಏಳು ಗಂಟೆಗೆ ಬರ್ತಾರೆ. ಅಲ್ಲಿವರೆಗೆ ಕೂತ್ಕೋ. ಎಷ್ಟು ಕುರ್ಚಿ?"

"ಎರಡು."

ಅಂತರ್ಜಾಲದ ಊರ ಗುಂಪಿನಲ್ಲಿ ವಾರದ ಹಿಂದೆಯೇ ಗುರುವಾರದ ಪಾಠದ ಸೂಚನೆ ಹಾಕಿದ್ದೆ, ಓಲ್ದ್ರಿಶ್ಕಾಗೂ ಬರೆದಿದ್ದೆ. ಅವಳು ಬಹಳ ಮರ್ಯಾದೆಯಿಂದ ಉತ್ತರಿಸಿದ್ದಳು, ಗುರುವಾರ ಮಗಳ ಈಜಿನ ತರಗತಿ ಇರುತ್ತದೆ ಎಂದು. ನಾನು ಮೇಷ್ಟ್ರ ಜಾಗದಲ್ಲಿ ಕೂತು, ಬಲಗಡೆಯ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಿಟ್ಟು, ಬಾಗಿಲ ಕಡೆ ನೋಡುತ್ತಿದ್ದೆ. ಏಳಕ್ಕೆ ಡಾರ್ಟಿನವರು ಬಂದರು. ಅವರಲ್ಲೊಬ್ಬ ಆ ಕುರ್ಚಿಗೆ ಕೈ ಹಾಕಿ, "ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದ.

"ಇಲ್ಲ, ತಗೊಳ್ಳಿ" ಎಂದೆ.