ಎಡಗಾಲಿಗೆ ಆನ್, ಬಲಗಾಲಿಗೆ ಆಫ್

ಅಕ್ಕನ ರಜೆ ಇವತ್ತಿಗೆ ಮುಗಿಯಿತು. ನಾಳೆ ಬೆಳಗ್ಗೆ ಎಂಟಕ್ಕೆ ಲ್ಯಾಬಿನಲ್ಲಿರದಿದ್ದರೆ ಕೆಲಸದ ಆಸೆ ಬಿಡಬೇಕು. ಗೋಡೆಗೆ ಬಣ್ಣ ಬಳಿಯಲು ಕಟ್ಟಿದ ಸಾರುವೆಯಿಂದ ಬಿದ್ದು ಎರಡೂ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಪೇಂಟರ್ ಭಾವ, ತಗಡಿನ ಛಾವಣಿಯ ಆ ಕೋಣೆಯಲ್ಲಿ ಸಂಜೆಯವರೆಗೆ ಒಬ್ಬನೇ ಬೇಯಬೇಕು. ಎಸಿ ಇತ್ತು. ಅದರ ರಿಮೋಟು ಹೋದ ವಾರ ಭಾವನ ಮೊಣಕೈ ತಾಗಿ ಬಕೆಟ್ಟಿನ ನೀರಿಗೆ ಬಿದ್ದು ಸತ್ತಿತ್ತು.

ಹಾಗಾಗಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ ಮಧ್ಯಾಹ್ನದಿಂದ ಮಂಚದ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಕೂತಿದ್ದಳು ಅನ್ನುವುದು ಬರೀ ಮಾತಿಗೆ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇದೇ ಎಸಿಯ ಸಂಕೇತಗಳನ್ನೆಲ್ಲ ಯಾರೋ ಪುಣ್ಯಾತ್ಮ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಹಾಕಿದ್ದ. ಬರೆದದ್ದು ಮಾತ್ರ ಅವನ ಯಂತ್ರದ ಲೆಕ್ಕದಲ್ಲಿ. ರಿಮೋಟಿನ ಬದಲಿಗೆ ಇವಳು ಜೋಡಿಸಿದ್ದ ಬೆಂಕಿಪೊಟ್ಟಣದಷ್ಟು ಡಬ್ಬಿಗೆ ಮೈಕ್ರೋಸೆಕೆಂಡುಗಳೇ ಬೇಕು: ಇಷ್ಟು ಹೊತ್ತು ಮಿನುಗು, ಇಷ್ಟು ಹೊತ್ತು ಸುಮ್ಮನಿರು. ಒಂದೊಂದು ಸಂಖ್ಯೆಯನ್ನೂ ಅವನ ಒಂದು ಎಣಿಕೆಗೆ ಮೂವತ್ತಮೂರು ಮೈಕ್ರೋಸೆಕೆಂಡು ಅನ್ನುವ ಅಂದಾಜಿನಲ್ಲಿ ಗುಣಿಸುತ್ತಾ ಹೋದಳು.

"ಏನಮ್ಮ ಎಂಜಿನಿಯರಮ್ಮ, ಇನ್ನೂ ಮಗ್ಗಿ ಬರಲಿಲ್ವಾ?"

"ನಿಮ್ಮ ಬಾಯಿಗೂ ಪ್ಲಾಸ್ಟರ್ ಹಾಕಿಸಬೇಕಿತ್ತು ಭಾವ."

ಮಾತಿನಲ್ಲಿ ಹೇಳಿದರೆ ಎಸಿ ಕೇಳುವ ಹಾಗೆ ಮಾಡೋಣವೆಂದರೆ ಅದಕ್ಕೂ ಅವನ ತಕರಾರು. "ನೀರು ಕೊಡು, ಬೆನ್ನು ಕೆರಿ ಅಂತ ಹದಿನೈದು ದಿನದಿಂದ ನಿಮ್ಮಕ್ಕನ್ನ ಬೇಡಿದ್ದು ಸಾಲದಾ? ಇನ್ನು ಗೋಡೇನೂ ಬೇಡಬೇಕಾ?"

ಕೊನೆಗೆ ಮಂಚದ ಕಾಲ್ದೆಸೆಗೆ ಕಾಲಿಂಗ್ ಬೆಲ್ಲಿನ ಗುಂಡಿ ಕೂರಿಸಿ ಡಬ್ಬಿಗೆ ಜೋಡಿಸಿದಳು. ಹೆಬ್ಬೆರಳಲ್ಲಿ ಒಮ್ಮೆ ಒತ್ತಿದರೆ ಆನ್, ಇನ್ನೊಮ್ಮೆ ಒತ್ತಿದರೆ ಆಫ್. ಭಾವ ಒತ್ತಿದ. ಎಸಿ ಟಿಂಗ್ ಅಂದು ಬಾಯಿ ತೆರೆಯಿತು. ಮತ್ತೆ ಒತ್ತಿದ, ಮುಚ್ಚಿತು. ಮೂರನೆಯ ಸಲ ಒತ್ತುವಾಗ ಅಕ್ಕ ಒಗೆದ ಬೆಡ್‌ಶೀಟುಗಳ ರಾಶಿ ಹೊತ್ತು ಡಬ್ಬಿಗೂ ಎಸಿಗೂ ನಡುವೆ ಹಾದಳು. ಎಸಿ ಮಿಸುಕಲಿಲ್ಲ. ಇನ್ನೊಮ್ಮೆ ಒತ್ತಿದ. ಆಗಲೂ ಇಲ್ಲ.

ತಂಗಿ ಹಣೆ ಚಚ್ಚಿಕೊಂಡಳು. ಆನ್ ಅನ್ನುವ, ಕಣ್ಣಿಗೆ ಕಾಣದ ಬೆಳಕು ಬೆಡ್‌ಶೀಟಿಗೆ ಬಡಿದು ಅಲ್ಲೇ ಸತ್ತಿತ್ತು. ಎಸಿ ಮರುಮಾತಾಡುವ ಪೈಕಿಯಲ್ಲ. ಎಸಿ ಆನ್ ಆಗಿದೆಯೆಂದೇ ಡಬ್ಬಿ ನಂಬಿ ಮುಂದಿನ ಒತ್ತಿಗೆ ಆಫ್ ಕಳಿಸಿತ್ತು. ನಾಳೆ ಸೆಖೆಯಲ್ಲಿ ಹೀಗಾದರೆ ಭಾವ ಗುಂಡಿಯನ್ನೇ ಒದ್ದಾನು.

ಸಂಜೆಯೊಳಗೆ ಗುಂಡಿ ಎರಡಾದವು. ಎಡಗಾಲಿಗೆ ಆನ್, ಬಲಗಾಲಿಗೆ ಆಫ್. ನೂರು ಸಲ ಒತ್ತಿದರೂ ಆನ್ ಅಂದರೆ ಆನ್ನೇ.

"ನೀವು ಒತ್ತಿದ್ದೆಲ್ಲ ನನ್ನ ಫೋನಿಗೆ ಬರತ್ತೆ," ಅಂದಳು.

"ನನಗೆ ಕಾವಲು ಬೇಕಿಲ್ಲ."

ಮರುದಿನ ಅಕ್ಕ ಕೆಲಸಕ್ಕೆ ಹೋದಳು. ಕೌಂಟರಿನಲ್ಲಿ ಕೂತ ತಂಗಿಯ ಒಂದು ಕಣ್ಣು ಫೋನಿನ ಮೇಲೇ. ಒಂಬತ್ತೂವರೆಗೆ ಆನ್. ಹತ್ತೂಕಾಲಿಗೆ ಆಫ್. ಹನ್ನೊಂದಕ್ಕೆ ಆನ್. ಆಮೇಲೆ ಆನ್, ಆನ್, ಆನ್. ನಿಲ್ಲುವ ಲಕ್ಷಣವೇ ಇಲ್ಲ. ಅಂದಾಜಿನಲ್ಲಿ ಗುಣಿಸಿದ್ದು ಕೈಕೊಟ್ಟಿತೇ? ಡಬ್ಬಿ ಕಳಚಿ ಬಿತ್ತೇ? ಫೋನ್ ಮಾಡೋಣವೆಂದರೆ ಎತ್ತುವ ಕೈ ಎಲ್ಲಿದೆ? ಬಿಚ್ಚಿಟ್ಟ ಮೊಬೈಲನ್ನೂ, ಬಾಯಿ ಬಿಟ್ಟು ನಿಂತ ಗಿರಾಕಿಯನ್ನೂ ಅಲ್ಲೇ ಬಿಟ್ಟು ಎದ್ದುಬಿದ್ದು ಓಡಿದಳು.

ಬಾಗಿಲು ತೆರೆದರೆ ತಣ್ಣನೆ ಗಾಳಿ ಮುಖಕ್ಕೆ ರಾಚಿತು. ಭಾವನ ಎಡಗಾಲು ಇನ್ನೂ ಗುಂಡಿಯ ಮೇಲೇ ಇತ್ತು, ಮುಖ ಕೆಂಪಗಾಗಿತ್ತು.

"ಎಸಿ ಸರಿಯಾಗೇ ಇದೆಯಲ್ಲ!"

"ಅದಕ್ಕೇನು ರೋಗ? ಮೊದಲು ಮೂಗು ಕೆರಿಯೇ ತಾಯಿ. ಆ ದರಿದ್ರ ನೊಣ ಪ್ರಾಣ ತಿಂದುಬಿಟ್ಟಿತು."

ಅವಳು ಏದುಸಿರು ಬಿಡುತ್ತಲೇ ಕೆರೆದಳು. ಭಾವ ಕಣ್ಣು ಮುಚ್ಚಿದ.

"ನಿಮ್ಮಕ್ಕನಿಗೆ ಹೇಳ್ಬೇಡ. ಕೆಲಸ ಬಿಟ್ಟು ಬಂದು ಕೂತಾಳು."

"ಏನಂತ? ನೀವು ನನ್ನ ಕರೆದ್ರಿ ಅಂತಾನಾ?"

"ನಾನೆಲ್ಲಿ ಕರೆದೆ? ಎಸಿ ಆನ್ ಮಾಡಿದೆ."

"ಹನ್ನೊಂದು ಸಲ?"

"ಸೆಖೆ ಇತ್ತು," ಅಂದ ಭಾವ. "ಇನ್ನೂ ಸ್ವಲ್ಪ ಎಡಕ್ಕೆ ಕೆರಿ."