ಐದು ನಕ್ಷತ್ರದ ಧಣಿ

"ನಿನ್ ಮೂತಿ ಹಾಕುದ್ರೆ ಯಾವ ಬೋಳಿಮಗ ಕೆಲ್ಸ ಕೊಟ್ಟಾನು ಅಂದ್ಕಂಡೆ? ಥೂ, ಜಿಪ್ಸಿ ಮುಂಡೆ! ಕನ್ನಡೀಲಿ ನೋಡ್ಕಂಡಿದ್ದೀಯಾ ಯಾವತ್ತಾದ್ರೂವೆ?"

ಬ್ಲಾಗೋಯೆ ಧಣಿ ನನ್ನ ಮೇಜು ಗುದ್ದಿದ. ಪ್ಲಾಸ್ಟಿಕ್ ಲೋಟದ ಕಾಫಿ ಕೀಲಿಮಣೆಯ ಮೇಲೆ ಚೆಲ್ಲಿತು. ಹಿಂದಿನ ದಿನ ಬರಹಗಾರರಿಗೆ ಕೆಲಸ ಕೊಡಿಸುವ ಜಾಲತಾಣದಲ್ಲಿ ನನ್ನದೇ ಹೆಸರು, ಫೋಟೋ ಹಾಕಿ ಖಾತೆ ತೆರೆಯಲು ಹೋಗಿದ್ದೆ. ಆ ಸಂಗತಿ ಗೊತ್ತಿದ್ದದ್ದು ನನಗೆ ಮತ್ತು ಪಕ್ಕದ ಕುರ್ಚಿಯ ವೆರಿತ್ಸಾಳಿಗೆ. ಈಗ ಧಣಿಗೂ ಗೊತ್ತು. ವೆರಿತ್ಸಾ ತಲೆ ಎತ್ತದೆ ಟೈಪು ಕುಟ್ಟುತ್ತಿದ್ದಳು.

ಅವನು ಅಟ್ಟ ಇಳಿದು ಹೋದ ಮೇಲೆ ಅವಳು ಪಿಸುಗುಟ್ಟಿದಳು. "ನಾನ್ ಹೇಳ್ಳಿಲ್ಲ ಕಣೆ ಸೆವ್ದಿಯಾ. ನನ್ನಾಣೆ."

"ಹೌದೌದು. ಗೋಡೆ ಹೇಳ್ತೇನೋ."

ಮೊರಾವಾ ಹೊಳೆಯ ದಂಡೆಯ ನಮ್ಮ ಊರಿನಲ್ಲಿ ಧಣಿಯ ಟಯರ್ ಅಂಗಡಿಯ ಅಟ್ಟದ ಮೇಲೆ ನಾವು ನಾಲ್ಕು ಜನ ಹೆಂಗಸರು ಕೂತು ಹೊರದೇಶದ ಗಿರಾಕಿಗಳಿಗೆ ಬರೆದುಕೊಡುತ್ತೇವೆ. ಜಾಲತಾಣದಲ್ಲಿ ಕಾಣುವವನು ಮಾತ್ರ ಒಬ್ಬನೇ: ನೀಲಿ ಟೈ ಕಟ್ಟಿದ ಬ್ಲಾಗೋಯೆ, ಸ್ವತಂತ್ರ ಬರಹಗಾರ, ಐದಕ್ಕೆ ಐದು ನಕ್ಷತ್ರ. ನಾವು ಕೆಲಸ ಮಾಡಿದೆವು, ಅವನು ಹೆಸರು ಮಾಡಿದ. ನಕ್ಷತ್ರ ಅವನಿಗೆ, ಗ್ರಹಚಾರ ನಮಗೆ.

ಉಳಿದ ಮೂವರಿಗೆ ಕಾಫಿಗೆ ಪಿಂಗಾಣಿ ಬಟ್ಟಲು. ನನಗೆ ಕುಡಿದು ಬಿಸಾಕುವ ಲೋಟ. ನಾಲ್ಕು ವರ್ಷದಲ್ಲಿ ಆ ಅಟ್ಟದ ಮೇಲೆ ನಾನು ಕುಡಿದ ಲೋಟವನ್ನು ಯಾರೂ ತೊಳೆಯಬೇಕಾಗಿ ಬಂದಿಲ್ಲ.

ಆದರೆ ಜರ್ಮನ್ ಬರುವುದು ನನಗೊಬ್ಬಳಿಗೇ. ಹುಟ್ಟಿದ್ದೇ ಅಲ್ಲಿ, ಡಾರ್ಟ್ಮುಂಡಿನಲ್ಲಿ. ಹದಿನಾಲ್ಕಾಗುವವರೆಗೆ ಅಲ್ಲೇ ಶಾಲೆ. ಆಮೇಲೆ ಒಂದು ಮುಂಜಾನೆ ಪೊಲೀಸರು ಬಂದು, ನಿಮ್ಮ ದೇಶಕ್ಕೆ ಹೋಗಿ ಎಂದು ವಿಮಾನ ಹತ್ತಿಸಿದರು. ಆ ದೇಶವನ್ನು ನಾನು ನೋಡಿಯೇ ಇರಲಿಲ್ಲ.

ಜರ್ಮನಿಯಲ್ಲಿ ಲಿಂಡ್ನರ್ ಎಂಬಾಕೆಗೆ ಹೊಲಿಗೆ ಯಂತ್ರದ ಕಂಪನಿ ಇದೆ. ಆಕೆಗಾಗಿ ಹೊಲಿಗೆ ಕಲಿಸುವ ಪುಸ್ತಕವೊಂದನ್ನು ಏಳು ತಿಂಗಳು ಕೂತು ಬರೆದೆ. ಆಕೆಗೆ ಅದೆಷ್ಟು ಹಿಡಿಸಿತೆಂದರೆ, ಬರೆದವರ ಹೆಸರನ್ನು ರಕ್ಷಾಪುಟದ ಮೇಲೆ ಅಚ್ಚು ಹಾಕುತ್ತೇನೆ, ಮುಂದಿನ ಪುಸ್ತಕಗಳೂ ಅವರವೇ, ಅದಕ್ಕೆ ಮೊದಲು ಒಮ್ಮೆ ಮುಖ ನೋಡಿ ಮಾತಾಡಬೇಕು ಎಂದು ಕಾಗದ ಬರೆದಳು. ಆ ಕಾಗದವನ್ನು ಧಣಿಗೆ ಓದಿ ಹೇಳಿದವಳು ನಾನೇ.

ಧಣಿ ಆ ಮಾತುಕತೆಯನ್ನೂ ಜಾತ್ರೆ ಮಾಡಿಬಿಟ್ಟ. ಊರ ಸಾಂಸ್ಕೃತಿಕ ಭವನದಲ್ಲಿ ಅವನ ಉಪನ್ಯಾಸ: 'ಸ್ವಂತ ಕಾಲ ಮೇಲೆ ನಿಲ್ಲುವುದು ಹೇಗೆ?' ಕೊನೆಯಲ್ಲಿ ಮೇಯರ್ ಸಾಹೇಬರ ಕಣ್ಣೆದುರೇ ಜರ್ಮನಿಯ ಜೊತೆ ನೇರ ಸಂಭಾಷಣೆ.

"ಧಣಿ, ನಿಮಗೆ ಜರ್ಮನ್ ಬರಾಕಿಲ್ವಲ್ಲ," ಎಂದೆ.

"ನಿಂಗ್ ಬತ್ತದಲ್ಲ. ವೇದಿಕೆ ಅಂಚಲ್ಲಿ, ನಾಟಕದೋರಿಗೆ ಮಾತು ಹೇಳ್ಕೊಡೋರು ಕೂರೋ ಪ್ರಾಂಪ್ಟರ್ ಗುಂಡಿ ಅದೆ, ಅದ್ರೊಳಗೆ ಇಳ್ಕೊ. ನೀ ಪಿಸುಗುಟ್ಟು, ನಾ ಹೇಳ್ತೀನಿ. ಬೈಗುಳ ಗಿಯ್ಗುಳ ಸೇರಿಸ್ಬುಟ್ಟೀಯೆ, ಹುಷಾರ್! ಜರ್ಮನ್ ಬೈಗುಳ ಅಷ್ಟೂ ಗೊತ್ತು ನಂಗೆ."

ಅದು ನಿಜ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಮೂರು ವಾರ ಅವನ ನಾಲಿಗೆ ತಿದ್ದಿದೆ. ಅರ್ಥ ಬೇಡ, ಸದ್ದು ಸಾಕು ಎಂದ. ಗಿಳಿಗಾದರೆ ಹಣ್ಣಿನ ಆಸೆಯಾದರೂ ತೋರಿಸಬಹುದಿತ್ತು.

ಆ ದಿನ ಗುಂಡಿಗೆ ಇಳಿದೆ. ಮೊಣಕಾಲೂರಿ ಕೂತರೆ ತಲೆ ವೇದಿಕೆಯ ಮಟ್ಟಕ್ಕೆ ಬರುತ್ತದೆ. ಸಭೆಗೆ ಕಾಣದಂತೆ ಬೆನ್ನ ಹಿಂದೆ ತಗಡಿನ ಮರೆ. ಒಳಗೆಲ್ಲ ಇಲಿ ಹಿಕ್ಕೆ. ಮೂಗಿನ ಮುಂದೆ ಧಣಿಯ ಹೊಳೆಯುವ ಬೂಟು, ಅವನ ಹಿಂದೆ ದೊಡ್ಡ ಪರದೆ. ವೇದಿಕೆಯ ಪಕ್ಕದ ಬಟ್ಟೆ ಪರದೆಯ ಸಂದಿಯಲ್ಲಿ, ಮೈಕು ಸ್ಪೀಕರುಗಳ ದನಿ ಹೊಂದಿಸುವ ಪೆಟ್ಟಿಗೆಯ ಮುಂದೆ ವೆರಿತ್ಸಾ. ಕಣ್ಣು ನನ್ನ ಮೇಲೇ ಇತ್ತು. ಕಾಯಲು ಕೂರಿಸಿದ್ದಾನೆ ಎಂದುಕೊಂಡೆ.

ಧಣಿ ಒಂದು ಗಂಟೆ ಸ್ವಾವಲಂಬನೆ ಬೋಧಿಸಿದ. ಚಪ್ಪಾಳೆ ಬಿತ್ತು. ಆಮೇಲೆ ಪರದೆಯ ಮೇಲೆ ಲಿಂಡ್ನರ್ ಬಂದಳು. ನರೆಗೂದಲು, ಸರಪಳಿಗೆ ಕಟ್ಟಿದ ಕನ್ನಡಕ. ನಮಸ್ಕಾರ, ಕ್ಷೇಮ, ಹವಾಮಾನ ಎಲ್ಲ ಸರಾಗ ನಡೆಯಿತು. ನಾನು ಉಸಿರಿದ್ದನ್ನು ಅವನು ಗುಡುಗಿದ.

ಅವಳು ಕನ್ನಡಕ ಏರಿಸಿ ಕೇಳಿದಳು: "ಎಂಟನೇ ಅಧ್ಯಾಯದಲ್ಲಿ ಬರೆದಿದ್ದೀರಲ್ಲ, ಸೂಜಿಗೆ ಪೋಣಿಸೋ ಮುಂಚೆ ದಾರದ ತುದೀನ ತುಟಿ ನಡುವೆ ಇಟ್ಟು ಒಂದು ಕ್ಷಣ ಸುಮ್ಮನಿರಬೇಕು, ಆಗ ಕೈ ನಡುಕ ನಿಲ್ಲುತ್ತೆ ಅಂತ. ಅದನ್ನ ಓದಿ ಅತ್ತುಬಿಟ್ಟೆ. ಯಾರು ಕಲಿಸಿದ್ದು ನಿಮಗೆ?"

ಕಂಠಪಾಠದ ಉತ್ತರ ಸಿದ್ಧವಿತ್ತು: ಹಲವು ವರ್ಷಗಳ ವೃತ್ತಿ ಅನುಭವ. ಬೂಟು ಅಸಹನೆಯಿಂದ ನೆಲ ತಟ್ಟಿತು.

"ನಮ್ಮವ್ವ," ಎಂದು ಪಿಸುಗುಟ್ಟಿದೆ.

"ನಮ್ಮವ್ವ!" ಎಂದು ಧಣಿ ಎದೆಯುಬ್ಬಿಸಿ ಜರ್ಮನಿನಲ್ಲಿ ಗುಡುಗಿದ.

"ಡಾರ್ಟ್ಮುಂಡಲ್ಲಿ ಬೇರೆಯವರ ಪರದೆ ಹೊಲಿತಿದ್ಲು."

"ಡಾರ್ಟ್ಮುಂಡಲ್ಲಿ ಬೇರೆಯವರ ಪರದೆ ಹೊಲಿತಿದ್ಲು!"

ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಪೊಲೀಸರು ಬಂದಾಗ ನಾನು ಹದಿನಾಲ್ಕು ವರ್ಷದ ಹುಡುಗಿ. ಉಟ್ಟ ಲಂಗದಲ್ಲೇ ವಿಮಾನ ಹತ್ತಿಸಿದ್ರು."

ಧಣಿ ಅದನ್ನೂ ಹೇಳಿದ. ಮೇಯರ್ ಕಡೆ ತಿರುಗಿ, ಕೈ ಆಡಿಸಿ, ಹೇಳಿದ. ಬೈಗುಳ ಒಂದೂ ಇರಲಿಲ್ಲವಲ್ಲ.

ಹಿಂದಿನ ಸಾಲು ಕೇಕೆ ಹಾಕಿತು. ಮೂವತ್ತು ವರ್ಷ ಜರ್ಮನಿಯ ಸ್ಟುಟ್‌ಗಾರ್ಟಿನ ಕಾರ್ಖಾನೆಯಲ್ಲಿ ಜೀವ ತೇಯ್ದು ಬಂದ ಮುದುಕ ಸ್ತೊಯಾದಿನ್. "ಲೋ ಬ್ಲಾಗೋಯೆ! ನಿಮ್ಮವ್ವ ಈ ಹೊಳೆ ದಾಟಿ ಆಚಿಕ್ಕೆ ಹೋದೋಳಲ್ಲ, ಡಾರ್ಟ್ಮುಂಡ್ ಎಲ್ಲಿಂದ ಬಂತ್ಲಾ? ನೀ ಯಾವಾಗ್ಲಾ ಹುಡ್ಗಿ ಆಗಿದ್ದೆ? ಲಂಗ ಬೇರೆ ಉಟ್ಕಂಡಿದ್ದನಂತೆ ಕಣ್ರಪ್ಪೋ!"

ಸಭೆ ನಕ್ಕಿತು. ಯಾಕೆಂದು ತಿಳಿಯದ ಮೇಯರ್ ಕೂಡ ನಕ್ಕ. ಧಣಿಯ ಕಿವಿ ಕೆಂಪಾಯಿತು. ಲಿಂಡ್ನರ್ ಮುಂದಕ್ಕೆ ಬಾಗಿದಳು.

"ನಂಗೆ ಎರಡು ದನಿ ಕೇಳಿಸ್ತಿದೆ. ಮೊದಲು ಹೇಳ್ತಿರೋ ಆ ಹೆಂಗಸು ಯಾರು?"

ಬೂಟು ಬಂತು. ಗುಂಡಿಯ ಅಂಚು ಹಿಡಿದಿದ್ದ ನನ್ನ ಬೆರಳುಗಳ ಮೇಲೆ ಊರಿತು. ಧಣಿ ಸಭೆಗೆ ನಗುಮುಖ ತೋರಿಸುತ್ತಲೇ ಹಲ್ಲು ಕಚ್ಚಿ ಹೇಳಿದ. "ಬಾಯ್ ಮುಚ್ಚೆ, ಹಲ್ಕಾ. ನಾಳಿಂದ ಈ ಊರಲ್ಲಿ ಕಸ ಗುಡ್ಸೋ ಕೆಲ್ಸಾನೂ ಸಿಗ್ದಂಗ್ ಮಾಡ್ತೀನಿ." ಮತ್ತೆ ಪಕ್ಕಕ್ಕೆ ತಿರುಗಿ, "ವೆರಿತ್ಸಾ! ವೈರ್ ಕೀಳೆ!"

ವೆರಿತ್ಸಾ ಎದ್ದಳು. ಅವಳ ಕೈ ಪೆಟ್ಟಿಗೆಯ ಮೇಲಿತ್ತು. ಕೀಳುತ್ತಾಳೆ. ಅಂದು ಚಾಡಿ ಹೇಳಿದವಳು ಇಂದು ಬಿಟ್ಟಾಳೆಯೇ? ಅಷ್ಟರೊಳಗೆ ಹೇಳಬೇಕು.

ಪಿಸುಮಾತು ಬಿಟ್ಟು ಎದೆ ತುಂಬ ಉಸಿರೆಳೆದು ಕೂಗಿದೆ. "ಸೆವ್ದಿಯಾ ಡೆಮಿರೋವಿಚ್! ಪುಸ್ತಕ ಬರೆದೋಳು ನಾನು! ಇವನ ಕಾಲ ಕೆಳಗಿದ್ದೀನಿ!"

ವೆರಿತ್ಸಾ ನನ್ನನ್ನೊಮ್ಮೆ ನೋಡಿದಳು. ವೈರು ಕೀಳಲಿಲ್ಲ. ಪೆಟ್ಟಿಗೆಯ ಮೇಲೆ ದನಿ ಏರಿಸುವ ತಿರುಪನ್ನು ಕೊನೆಯವರೆಗೂ ತಿರುಗಿಸಿದಳು.

"ಸೆವ್ದಿಯಾ... ಡೆಮಿರೋವಿಚ್," ಎಂದಳು ಲಿಂಡ್ನರ್, ಬರೆದುಕೊಳ್ಳುವವರಂತೆ ಬಿಡಿಸಿ ಬಿಡಿಸಿ. ಭವನದ ನಾಲ್ಕೂ ಮೂಲೆಯ ಸ್ಪೀಕರುಗಳು ಕಿಟಕಿ ಗಾಜು ಅದುರುವಂತೆ ಆ ಹೆಸರು ಕೂಗಿದವು. ನಗು ನಿಂತಿತು.

"ಸರಿಯಾಗಿ ಹೇಳಿದೆನಾ?" ಎಂದು ಕೇಳಿದಳು.

"ಸರಿಯಾಗಿದೆ," ಎಂದೆ.

ಬೂಟು ಇನ್ನೂ ಬೆರಳ ಮೇಲೇ ಇತ್ತು. ಧಣಿ ತನ್ನ ಅಷ್ಟೂ ಭಾರ ಬಿಟ್ಟು, ಅದೊಂದೇ ಕಾಲ ಮೇಲೆ ನಿಂತಿದ್ದ.